ಕ್ಯಾಲ್ಕುಲೇಟರಿನಲ್ಲಿ ಎಷ್ಟು ಗಂಟೆ?

ಪರೀಕ್ಷಾ ಕೊಠಡಿಯ ಗಡಿಯಾರ ಕೆಟ್ಟು ನಿಂತಿತ್ತು. ಮೇಲ್ವಿಚಾರಕರ ಮೊಬೈಲು, ಕೈಗಡಿಯಾರಗಳೆಲ್ಲ ನಿಯಮದಂತೆ ಆಫೀಸಿನಲ್ಲಿದ್ದವು. ಗಣಿತದ ಮಂದಾಕಿನಿ ಮೇಡಂ ಮಾತ್ರ ಗ್ರಾಫ್ ಬಿಡಿಸುವ ತಮ್ಮ ದೊಡ್ಡ ಕ್ಯಾಲ್ಕುಲೇಟರನ್ನು ತಂದಿದ್ದರು. ಅದರೊಳಗೊಂದು ಗಡಿಯಾರವಿತ್ತು.

ಜೊತೆಯ ಮೇಲ್ವಿಚಾರಕ, ಭೌತಶಾಸ್ತ್ರದ ಉಮಾಪತಿಗೆ ಅಷ್ಟೇ ಸಾಕಾಯಿತು. ಎರಡು ವರ್ಷದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದ ಮಾತನ್ನು ಇವತ್ತು ಆಡಿಯೇಬಿಡಬೇಕೆಂದು ಅವನು ಆ ತುದಿಯಿಂದ ಈ ತುದಿಗೆ ನಡೆದು ಬಂದ.

“ಮೇಡಂ, ಟೈಮ್ ಎಷ್ಟಾಯ್ತು?”

“ಹತ್ತೂಕಾಲು, ಸರ್.”

ಥ್ಯಾಂಕ್ಸ್ ಹೇಳಿ ಹಾಗೇ ಹಿಂದಿರುಗಿದ. ಹತ್ತೂವರೆಗೆ ಮತ್ತೆ ಬಂದ, ಹನ್ನೊಂದಕ್ಕೆ ಬಂದ, ಹನ್ನೊಂದಾಗಿ ಮೂರು ನಿಮಿಷಕ್ಕೂ ಬಂದ. ಪ್ರತಿ ಸಲವೂ ಅವರು ಗುಂಡಿ ಒತ್ತಿ, ನಗು ತಡೆದುಕೊಂಡು ಸಮಯ ಹೇಳಿದರು. ಆ ನಗು ಕಂಡು ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಡುಗರು ಬರೆಯುವುದು ಬಿಟ್ಟು ಇವನ ಓಡಾಟವನ್ನೇ ನೋಡತೊಡಗಿದರು.

ಹನ್ನೆರಡನೆಯ ಸಲ ಬಂದವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ.

“ಮೇಡಂ, ಅದೂ... ಟೈಮ್...”

ಅವರು ಕ್ಯಾಲ್ಕುಲೇಟರನ್ನು ಅವನ ಕೈಗಿಟ್ಟು ಮೆಲ್ಲಗೆ ಹೇಳಿದರು: “ಇದನ್ನ ನೀವೇ ಇಟ್ಕೊಳ್ಳಿ, ಸರ್. ನಿಮ್ಮಕ್ಕ ನಿನ್ನೆನೇ ನಮ್ಮನೆಗೆ ಬಂದು ಮದುವೆ ವಿಷ್ಯ ಕೇಳಿದ್ರು, ನಾನು ಹೂಂ ಅಂದಾಯ್ತು.”