ಎರಡು ಬೆರಳು ಬಿಲ್ಲೆ

ಸುಕನ್ಯಳ ಕೈಯಿಂದ ಕಾರಿನ ಕೀ ತೆಗೆದುಕೊಂಡು ಮಾವ ಚಿಕ್ಕವೆಂಕಟಪ್ಪ ದೇವರ ಗೂಡಿನಲ್ಲಿಟ್ಟರು. ಬೆಳಿಗ್ಗೆ ಅವಳು ಸ್ಕೂಲಿಗೆ ಹೋಗುವಾಗ ಆಂಡರ್ಸನ್‌ಪೇಟೆಯ ತಿರುವಿನಲ್ಲಿ ಮುಂದಿನ ಎಡಚಕ್ರ ಗುಂಡಿಗೆ ಇಳಿದಿತ್ತು. ಸ್ಟೇರಿಂಗು ಕೈಯಿಂದ ಕಿತ್ತುಕೊಂಡು ಎಡಕ್ಕೆ ತಿರುಗಿ, ಕಾರು ಎಳನೀರಿನ ಗಾಡಿಗೆ ಹೋಗಿ ತಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ಏಳು ಎಳನೀರು ಚರಂಡಿಗೆ ಉರುಳಿದವು.

"ನಾಳೆಯಿಂದ ಬಸ್ಸಲ್ಲಿ ಓಗಮ್ಮ," ಅಂದರು ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾಲ್ಕು ದಿನದಲ್ಲಿ ಇಳಿಯುತ್ತಿತ್ತು. ದೇವರ ಗೂಡಿಗೆ ಹೋದ ವಸ್ತು ಆ ಮನೆಯಲ್ಲಿ ಸುಲಭಕ್ಕೆ ಹೊರಗೆ ಬರುತ್ತಿರಲಿಲ್ಲ. ಎರಡು ವರ್ಷದಿಂದ ಒಂದು ಗೀರೂ ಬೀಳದಂತೆ ಕಾರು ಓಡಿಸಿದ್ದ ಸುಕನ್ಯ, ಸಂಜೆಯೊಳಗೆ ಊರಿನವರ ಬಾಯಲ್ಲಿ ಕಾರು ಓಡಿಸಲು ಬಾರದ ಹೆಂಗಸಾದಳು.

ಅದು ಗಂಡ ಗಿರಿ ಸೆಕೆಂಡ್ ಹ್ಯಾಂಡಿನಲ್ಲಿ ತಂದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಹಾಲಿನ ವ್ಯವಹಾರ ಮಾಡುವ ಮನೆಗೆ ಬಂದಿದ್ದರೂ ಅದರಲ್ಲಿ ಒಂದು ಕ್ಯಾನು ಇಡಲು ಜಾಗವಿರಲಿಲ್ಲ. ಹೋದ ತಿಂಗಳು ಗಿರಿ ಅದಕ್ಕೆ ಹೊಸ ಅಲಾಯ್ ಚಕ್ರ ಹಾಕಿಸಿ, ಟೈರು ಬಾಡಿಯ ಅಂಚಿನ ತನಕ ಬಂದು ನಿಲ್ಲಲೆಂದು ಚಕ್ರಗಳ ಒಳಬದಿಗೆ ಸ್ಪೇಸರ್ ಎಂಬ ದಪ್ಪ ಲೋಹದ ಬಳೆಯನ್ನೂ ಕೂಡಿಸಿದ್ದ. ಅಂದೇ ಸಂಜೆ ಸುಕನ್ಯ, ರಸ್ತೆಯ ಒಂದೊಂದು ಕಲ್ಲೂ ಕೈಗೆ ಬಡಿಯುತ್ತಿದೆ ಅಂದಳು. ಸ್ಪೋರ್ಟ್ಸ್ ಕಾರನ್ನು ಎಮ್ಮೆ ಹೊಡೆದಂತೆ ಓಡಿಸಿದರೆ ಹಾಗೇ ಎಂದು ಗಿರಿ ನಕ್ಕ. ಇನ್ನೊಂದು ದಿನ ಊಟಕ್ಕೆ ಕೂತಾಗ, ಬ್ರೇಕ್ ಒತ್ತಿದರೆ ಸ್ಟೇರಿಂಗು ಎಳೆಯುತ್ತದೆ ಅಂದಳು. ಮಾವ ಇನ್ನೊಂದು ಸೌಟು ಸಾರು ಕೇಳಿದರು. ಮೂರನೆಯ ಸಲ ಮಣಿಕಟ್ಟು ಊದಿದ್ದನ್ನು ಇಬ್ಬರಿಗೂ ತೋರಿಸಿದಳು. ಗಿರಿ ಮುಲಾಮು ತಂದುಕೊಟ್ಟ.

ಭಾನುವಾರ ಗಿರಿ ಡೈರಿ ಸಂಘದ ಸಭೆಗೆ ಹೋದ. ಸುಕನ್ಯ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಮುಂದಿನ ಎಡಚಕ್ರ ಬಿಚ್ಚಿದಳು. ಓಡಿಸಬೇಡ ಎಂದಿದ್ದರೇ ಹೊರತು ಬಿಚ್ಚಬೇಡ ಎಂದು ಯಾರೂ ಹೇಳಿರಲಿಲ್ಲ. ಕೊಟ್ಟಿಗೆಯಲ್ಲಿದ್ದ ಹಳೆಯ ಚಕ್ರವನ್ನು ಉರುಳಿಸಿಕೊಂಡು ಬಂದು, ಸ್ಕೂಲಿನ ಸ್ಕೇಲು ಹಿಡಿದು ಅಳೆದಳು. ಚಕ್ರದ ನಡುಗೆರೆಗೂ ಅದು ಕಾರಿಗೆ ಕೂರುವ ಮುಖಕ್ಕೂ ಇರುವ ದೂರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಹಳೆಯದರಲ್ಲಿ ನಲವತ್ತೈದು ಮಿಲಿಮೀಟರ್, ಹೊಸದರಲ್ಲಿ ಮೂವತ್ತು. ಅಲ್ಲಿಗೆ ಚಕ್ರ ಹದಿನೈದು ಹೊರಗೆ ಹೋಗಿತ್ತು. ಸ್ಪೇಸರಿನ ದಪ್ಪ ಇಪ್ಪತ್ತು. ಒಟ್ಟು ಮೂವತ್ತೈದು.

ಹಸು ಕಟ್ಟಿ ಬಂದ ಚಿಕ್ಕವೆಂಕಟಪ್ಪ ನಿಂತು ನೋಡಿದರು. ಅವಳು ಕೊಟ್ಟಿಗೆಯ ಬಾಗಿಲಿನತ್ತ ಕೈ ತೋರಿಸಿದಳು.

"ಬಾಗಿಲನ್ನ ಕೀಲಿನ ಪಕ್ಕ ತಳ್ಳಿದ್ರೆ ಅಲ್ಲಾಡಲ್ಲ ಮಾವ. ತುದೀಲಿ ಮಗು ತಳ್ಳಿದ್ರೂ ತಿರುಗುತ್ತೆ. ಈ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಕೀಲು ಇಲ್ಲಿದೆ. ಟೈರು ಅದರ ಪಕ್ಕದಲ್ಲೇ ಇತ್ತು, ಈಗ ಎರಡು ಬೆರಳು ಆಚೆ ಹೋಗಿದೆ. ಕಲ್ಲು ತಾಗಿದ್ರೆ ಬಾಗಿಲ ತುದಿಗೆ ಒದ್ದಂಗೆ."

"ಯಾವುದಮ್ಮ ಆಚೆ ತಳ್ಳಿದ್ದು?"

ಸ್ಪೇಸರ್ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ಅವರು ಅದರ ತೂಕ ನೋಡಿದರು, ತೂತಿನೊಳಗೆ ಬೆರಳಾಡಿಸಿದರು.

"ಇದು ಬಿಲ್ಲೆ ಅಲ್ವಾ," ಅಂದರು. "ಸ್ಪೇಸರು ಸ್ಪೇಸರು ಅಂತಿದ್ದ ನಿನ್ನ ಗಂಡ. ಗಾಡಿ ಅಚ್ಚಿಗೆ ನಾವೂ ಆಕ್ತಿದ್ವಿ."

ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಅವರ ಎತ್ತಿನಗಾಡಿಯ ಎಡಗಾಲಿ ಒಂದು ಕಾಲಕ್ಕೆ ಪಕ್ಕದ ಹಲಗೆಗೆ ಉಜ್ಜುತ್ತಿತ್ತಂತೆ. ಎರಡು ಬೆರಳು ದಪ್ಪ ಬಿಲ್ಲೆ ಹಾಕಿ ಗಾಲಿಯನ್ನು ಹೊರಕ್ಕೆ ತಂದರು. ಉಜ್ಜುವುದು ನಿಂತಿತು. ಆದರೆ ಅಂದಿನಿಂದ ಗಾಡಿ ಎಡಕ್ಕೆ ಎಳೆಯತೊಡಗಿತು. ಗಾಡಿ ಎಡಕ್ಕೆ ಹೋದರೆ ಎಡಗಡೆಯ ಎತ್ತು ಎಳೆಯುತ್ತಿಲ್ಲ ಎಂದೇ ಅರ್ಥ. ಅದು ಊರಿಗೆಲ್ಲ ಗೊತ್ತಿದ್ದ ಮಾತು.

"ಮೈಗಳ್ಳ ಅಂತ ಒಂದು ವರ್ಸ ಒಡ್ದೆ ಕಣಮ್ಮ," ಅಂದರು ಚಿಕ್ಕವೆಂಕಟಪ್ಪ. "ಆಮೇಲೆ ಬಂಗಾರಪೇಟೆ ಸಂತೇಲಿ ಮಾರ್ಬಿಟ್ಟೆ. ಹೊಸ ಎತ್ತು ತಂದು ಕಟ್ಟಿದ್ರೂ ಗಾಡಿ ಅಂಗೇ ಎಡಕ್ಕೆ ಎಳೀತು. ಆ ಎತ್ತನ್ನೂ ಒಡ್ದೆ."

ಎದ್ದು ಒಳಗೆ ಹೋದರು. ದೇವರ ಗೂಡಿನಿಂದ ಕೀ ತಂದು ಬಾನೆಟ್ಟಿನ ಮೇಲಿಟ್ಟರು. ಬಿಲ್ಲೆ ಇನ್ನೂ ಅವರ ಎಡಗೈಯಲ್ಲೇ ಇತ್ತು.

"ಪಾಪ, ಅವಕ್ಕೆ ಮಾತು ಬರ್ತಿರಲಿಲ್ಲ."

ಸುಕನ್ಯ ಹಳೆಯ ಚಕ್ರ ಕೂಡಿಸಿ ನಟ್ಟು ಬಿಗಿಯತೊಡಗಿದಳು. ಒಂದು, ಎರಡು, ಮೂರು. ಮೂರಕ್ಕೆ ಅವಳ ಕೈ ನಿಂತಿತು. ಅವಳು ಹೇಳಿದ್ದೂ ಮೂರು ಸಲ.