ಎಲ್ಲರ ಚಾನೆಲ್

“ಗುಂಡಿ ಒತ್ತಿ ಹಿಡ್ಕೊಂಡು ಮಾತಾಡಿ, ಮಿಸ್ ಅರ್ಡೀನ್. ಅದೇನು ಕಚ್ಚಲ್ಲ,” ಎಂದ ಅಂಗಡಿಯ ಲಿಂಡನ್. ಅರ್ಡೀನಳ ಕೈಯಲ್ಲಿ ಹಳದಿ ಬಣ್ಣದ ದೋಣಿ ರೇಡಿಯೊ ಇತ್ತು. ಅದರ ಜೋಡಿ, ಕೊಲ್ಲಿಯ ಬಾಯಲ್ಲಿ ದೋಣಿಯ ಹಾಯಿ ಬಿಚ್ಚಿ ಕಾಯುತ್ತಿದ್ದ ಮಗಳು ಜನೀಲ್ ಬಳಿ ಇತ್ತು. ಅಮ್ಮನಿಗೆ ಒಪ್ಪುವ ರೇಡಿಯೊ ಸಿಕ್ಕರೆ ಮಾತ್ರ ಅವಳು ಒಬ್ಬಳೇ ಗುಡ್ಡದಾಚೆಯ ಕಡಲಿಗೆ ಹೋಗಬಹುದು. ಅರ್ಡೀನ್ ಆಗಲೇ ಎರಡನ್ನು ಬೇಡವೆಂದಿದ್ದಳು. ಒಂದು, ಪರೀಕ್ಷೆಗೆಂದು ಬಕೆಟ್ಟಿನ ನೀರಿಗೆ ಹಾಕಿದಾಗ ತೇಲದೆ ಮುಳುಗಿತು, ಇನ್ನೊಂದರ ಗುಂಡಿ ಒದ್ದೆ ಬೆರಳಿಗೆ ಜಾರಿತು.

ಅವಳು ಒತ್ತಿದಳು. “ಜನೀಲ್, ನಂಗೆ ತುಂಬಾ ಭಯ ಆಗ್ತಿದೆ ಮಗಳೇ. ಕೇಳಿಸ್ತಿದ್ಯಾ?”

ಲಿಂಡನ್ ಹಣೆ ಚಚ್ಚಿಕೊಂಡ. “ಅಯ್ಯೋ, ಚಾನೆಲ್ ಬದಲಾಯಿಸ್ಲೇ ಇಲ್ವಲ್ಲ! ಇದು ಊರೆಲ್ಲ ಕೇಳೋ ಚಾನೆಲ್ಲು!” ಬೆಕ್ವೇ ದ್ವೀಪದಲ್ಲಿ ಆ ಚಾನೆಲ್ ಬೆಳಗಿನಿಂದಲೇ ಅಡುಗೆಮನೆಗಳಲ್ಲೂ ಗುನುಗುತ್ತಿರುತ್ತದೆ. ನಾಚಿಕೆಯಿಂದ ಅರ್ಡೀನಳ ಕಿವಿ ಬಿಸಿಯಾಯಿತು.

“ಕೇಳಿಸ್ತು ಅರ್ಡೀನ್,” ಎಂದಿತು ರೇಡಿಯೊ. ಅದು ಫೆರಿಯ ಕ್ಯಾಪ್ಟನ್ ದನಿ. “ಹುಡುಗಿ ನನ್ನ ಕಣ್ಣೆದುರೇ ಇದಾಳೆ. ಹಾಯಿ ಚೆನ್ನಾಗಿ ಕಟ್ಟಿದಾಳೆ.” ಬೆನ್ನಿಗೇ ಗುಡ್ಡದ ಮೇಲಿನ ಬೇಕರಿಯ ಇನೆಜ್: “ಆಚೆ ಕಡಲು ನನ್ನ ಕಿಟಕಿಗೆ ಕಾಣತ್ತೆ ಕಣೇ. ಬ್ರೆಡ್ ಒಲೆಗಿಟ್ಟು ನೋಡ್ತಾ ಕೂತಿರ್ತೀನಿ.” “ದೋಣೀನ ನನ್ನ ಬಲೆ ಮೇಲೆ ಹತ್ತಿಸದಿದ್ರೆ ಸಾಕು!” ಎಂದು ಯಾರೋ ಬೆಸ್ತ ನಕ್ಕ. ಕೊನೆಗೆ ಜನೀಲ್: “ಮಮ್ಮಿ, ಊರ ಮುಂದೆ ಮಾನ ಕಳೆದ್ಯಲ್ಲ! ಈಗಲಾದ್ರೂ ಹೋಗ್ಲಾ?”

ಲಿಂಡನ್ ಚಾನೆಲ್ ಬದಲಿಸಲು ಕೈ ಚಾಚಿದ. ಅರ್ಡೀನ್ ರೇಡಿಯೊವನ್ನು ಎದೆಗವಚಿ ಹಿಂದೆ ಸರಿದಳು, ಗುಂಡಿ ಒತ್ತಿದಳು, ಊರಿಗೆಲ್ಲ ಕೇಳುವಂತೆ ಕೂಗಿದಳು: “ಹೋಗು!”