ಕಂದು ನಾಯಿಯ ಭಯ

ಪ್ರಾಣಿಗಳ ಆಶ್ರಯಧಾಮಕ್ಕೆ ಬರುವ ನಾಯಿಗಳ ಹಣೆಗೆ ಹಣೆ ಹಚ್ಚಿ ಅವುಗಳ ಭಯವನ್ನು ನನ್ನೊಳಗೆ ಇಳಿಸಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಕಂದು ನಾಯಿಯೊಂದರ ಭಯ ಇಳಿಸಿಕೊಂಡಿದ್ದೆ. ಮಧ್ಯಾಹ್ನ ಅದರ ಯಜಮಾನ ಬಂದ.

“ಪಿಂಟೂ, ಬಾರೋ!”

ಆ ದನಿ ಕೇಳಿದ್ದೇ ನಾನು ಮೂಲೆಗೆ ಸರಿದು ಗೋಡೆಗೆ ಒತ್ತಿಕೊಂಡೆ. ನಾಯಿ ಮಾತ್ರ ಬಾಲ ಆಡಿಸುತ್ತ ಅವನ ಬಳಿಗೆ ಓಡಿತು.

“ನೋಡಮ್ಮ, ಎಷ್ಟು ಪ್ರೀತಿ! ಕಳಿಸ್ಕೊಡು,” ಎಂದರು ಮೇಲ್ವಿಚಾರಕ ಪೊನ್ನಪ್ಪ.

“ಸಾರ್, ಇವ್ರನ್ನ ಕಂಡ್ರೆ ಅದಕ್ಕೆ ಭಯ.”

“ನಡುಗ್ತಿರೋದು ನೀನು ಕಣಮ್ಮ, ಅದಲ್ಲ.”

ನಿಜವೇ? ನಿನ್ನೆಯ ಯಾವುದೋ ನಾಯಿಯ ಭಯ ನನ್ನಲ್ಲಿ ಉಳಿದಿದ್ದರೆ? ಅಷ್ಟರಲ್ಲಿ ನಾಯಿಯನ್ನು ಕಟ್ಟಿಕೊಂಡು ಹೋಗಲು ಯಜಮಾನ ತನ್ನ ಸೊಂಟದ ಬೆಲ್ಟು ಬಿಚ್ಚಿದ. ನಾನು ತಲೆ ಮುಚ್ಚಿಕೊಂಡೆ. ಮರುಕ್ಷಣ ನಾಯಿಯನ್ನು ತಬ್ಬಿ, ಹಣೆಗೆ ಹಣೆ ಹಚ್ಚಿ, ಭಯವನ್ನು ಅದಕ್ಕೇ ಹಿಂದಿರುಗಿಸಿದೆ.

ಅದು ಅವನ ಕೈಯ ಬೆಲ್ಟು ಕಂಡು ಕಿರುಚುತ್ತ ಮೇಜಿನಡಿ ನುಗ್ಗಿತು. ಪೊನ್ನಪ್ಪನವರು ಯಜಮಾನನಿಗೆ ಬಾಗಿಲು ತೋರಿಸಿದರು.

ಮತ್ತೆ ಇಳಿಸಿಕೊಳ್ಳೋಣವೆಂದು ಹಣೆ ಬಾಗಿಸಿದರೆ, ಈಗ ಅದು ನನಗೂ ಹೆದರಿ ಹಿಂದೆ ಸರಿಯುತ್ತದೆ.